ಪದ್ಮನಾಭನಗರದ ಹಳೆಯ ಹಳ್ಳಿಗಳು

ಚರಿತ್ರೆಯೆಂದೊಡನೆ ಅರಸರನ್ನೂ ಯುದ್ಧಗಳನ್ನೂ ನೆನೆಯುವುದು ನಮ್ಮಲ್ಲಿ ವಾಡಿಕೆ. ನಾವು ದಿನವೂ ತುಳಿಯುವ ಮಣ್ಣಿಗೂ ಒಂದು ಚರಿತ್ರೆಯುಂಟೆಂಬುದನ್ನು ಮರೆತೇಬಿಡುತ್ತೇವೆ. ಬೆಂಗಳೂರಿನ ದಕ್ಷಿಣ ಭಾಗದ ಪದ್ಮನಾಭನಗರವು ಬಡಾವಣೆಯಾಗಿ ಬೆಳೆದುದು ಈಚಿನ ಕೆಲವು ದಶಕಗಳಲ್ಲಿ. ನೆರೆಯ ಕದಿರೇನಹಳ್ಳಿ, ಚಿಕ್ಕಲ್ಲಸಂದ್ರ, ಇಟ್ಟಮಡು, ಉತ್ತರಹಳ್ಳಿಗಳಾದರೋ ಅದಕ್ಕಿಂತ ಬಹು ಹಳೆಯವು.

ಈ ಸೀಮೆಯ ಹೆಸರುಗಳನ್ನು ಬಿಡಿಸಿ ನೋಡಿದರೆ ನೀರಿನ ಕಥೆಯೇ ಹೊರಡುವುದು. ‘ಸಂದ್ರ’ವೆಂಬುದು ‘ಸಮುದ್ರ’ದ ರೂಪಾಂತರ, ಹಿರಿಯರು ಕೆರೆಗೆ ಕೊಟ್ಟ ಗೌರವದ ಹೆಸರು. ‘ಮಡು’ವೆಂದರೆ ನೀರು ನಿಲ್ಲುವ ಆಳವಾದ ಗುಂಡಿ. ಕೋಣನಕುಂಟೆಯ ‘ಕುಂಟೆ’ಯು ಚಿಕ್ಕ ಕೊಳ. ಬನಶಂಕರಿಯ ಕಡೆ ಚೆನ್ನಮ್ಮನಕೆರೆ ಅಚ್ಚುಕಟ್ಟೆಂಬ ಬಡಾವಣೆಯಿದೆ. ಅಚ್ಚುಕಟ್ಟೆಂದರೆ ಕೆರೆಯ ನೀರು ಹರಿಯುವ ಗದ್ದೆಬಯಲು. ಈಗ ಅಲ್ಲಿ ಮನೆಗಳ ಸಾಲಿದೆ, ಪೈರಿಲ್ಲ.

ಜೀವನದಿಯಿಲ್ಲದ ಈ ಬಯಲಿನಲ್ಲಿ ಏರಿ ಕಟ್ಟಿ ಮಳೆನೀರನ್ನು ನಿಲ್ಲಿಸಿದರೆ ಮಾತ್ರ ಊರು ನಿಲ್ಲುತ್ತಿತ್ತು. ತೂಬನ್ನು ತೆರೆದು ಗದ್ದೆಗಳಿಗೆ ನೀರು ಹಂಚುವವನು ನೀರಗಂಟಿ. ಕಂದಾಯದ ಲೆಕ್ಕ ಬರೆಯುವವನು ಶಾನುಭೋಗ. ಹುಣಿಸೆಬೀಜದ ಅಂಟನ್ನೂ ಇದ್ದಿಲಿನ ಪುಡಿಯನ್ನೂ ಬಳಿದ ಬಟ್ಟೆಯ ಕಡತದಲ್ಲಿ ಬಳಪದಿಂದ ಆ ಲೆಕ್ಕ ಬರೆಯುವ ರೂಢಿಯಿತ್ತು.

ಇಂಗ್ಲೆಂಡಿನಲ್ಲಿ ಒಂದು ಇಗರ್ಜಿಯ ವ್ಯಾಪ್ತಿಗೆ ಸೇರಿದ ಪ್ರದೇಶಕ್ಕೆ ‘ಪ್ಯಾರಿಷ್’ ಎನ್ನುವರು. ಪ್ರತಿ ಪ್ಯಾರಿಷ್‌ನಲ್ಲಿಯೂ ಜ್ಞಾನಸ್ನಾನ, ವಿವಾಹ, ಶವಸಂಸ್ಕಾರಗಳನ್ನು ಬರೆದಿಡಬೇಕೆಂದು 1538ರಲ್ಲಿ ಆಜ್ಞೆಯಾಯಿತು. ಕೆಂಪೇಗೌಡರು ಬೆಂಗಳೂರನ್ನು ಕಟ್ಟಿಸಿದರೆಂದು ಹೇಳುವ 1537ಕ್ಕೆ ಅದು ಮರುವರ್ಷ. ಆ ಪುಸ್ತಕಗಳಿಂದಾಗಿ ಅಲ್ಲಿನ ಸಾಮಾನ್ಯ ರೈತನ ಮುತ್ತಜ್ಜನ ಹೆಸರೂ ಎಷ್ಟೋ ಕಡೆ ದೊರೆಯುವುದು.

ನಮ್ಮಲ್ಲಿ ಅಂಥ ಕಟ್ಟಳೆಯಿರಲಿಲ್ಲ. ಆದರೆ ಸಾಧನಗಳೇ ಇಲ್ಲವೆಂದಲ್ಲ. ಬೇಗೂರಿನ ನಾಗೇಶ್ವರ ದೇವಾಲಯದ ಶಾಸನವೊಂದು, ಸುಮಾರು ಕ್ರಿ.ಶ. 890ರದು, ‘ಬೆಂಗಳೂರ ಕಾಳಗ’ವನ್ನು ಹೆಸರಿಸುವುದು. ಕಲ್ಲು ಹೇಗೋ ಉಳಿಯಿತು. ಕಡತಕ್ಕೆ ಆ ಗಟ್ಟಿತನವಿಲ್ಲ. 1961ರ ಶಾಸನದಿಂದ ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾದ ಮೇಲೆ, ಮನೆಗಳಲ್ಲಿ ಉಳಿದ ಹಳೆಯ ಕಾಗದಪತ್ರಗಳಿಗೆ ಕೇಳುವವರಿಲ್ಲ. ಹಳೆಯ ಮನೆಯನ್ನು ಕೆಡವುವಾಗ ತೊಲೆ ಬಾಗಿಲುಗಳಿಗೆ ಬೆಲೆ ಬರುವುದು. ಅಟ್ಟದ ಗಂಟು ಕಸಕ್ಕೆ ಹೋಗುವುದು.

ಆದುದರಿಂದ ವಾಚಕ ಸೋದರಿಯರಲ್ಲಿ ನಮ್ಮ ಬಿನ್ನಹವಿಷ್ಟೆ: ಆ ಗಂಟನ್ನು ಒಮ್ಮೆ ಬಿಚ್ಚಿ ನೋಡಿರಿ. ಮನೆಯಲ್ಲಿ ವೃದ್ಧರಿದ್ದರೆ ಹೊಲಗಳ ಹೆಸರನ್ನೂ ಕೆರೆಯ ಕೋಡಿ ಹರಿಯುತ್ತಿದ್ದ ದಿಕ್ಕನ್ನೂ ಕೇಳಿ, ಮಕ್ಕಳ ಕೈಯಿಂದಲೇ ಬರೆಯಿಸಿರಿ. ಅಚ್ಚುಕಟ್ಟಿನಲ್ಲಿ ನಾಟಿ ಮಾಡಿದ ಕೈಗಳು ಇನ್ನೂ ಕೆಲವು ಮನೆಗಳಲ್ಲಿವೆ; ಕೇಳುವ ಕಾಲವು ಇದೇ.