ಯುರೋಪಿನ ಹುಡುಗರು ನಮ್ಮ ಕರಾವಳಿಗೆ ಬಂದಿದ್ದಾಗ

2025ರ ಜೂನ್ 28, ಶನಿವಾರ. ರಾತ್ರಿ ಹನ್ನೆರಡೂವರೆ ಹೊತ್ತಿಗೆ ತ್ಯಾಗರಾಜನಗರದ ನಮ್ಮ ಬೀದಿಯಲ್ಲಿ ಲೈಟ್ ಉರಿಯುತ್ತಿದ್ದದ್ದು ನಮ್ಮ ಮನೆಯಲ್ಲಿ ಮಾತ್ರ ಇರಬೇಕು. ನೆಟ್ಟಕಲ್ಲಪ್ಪ ಸರ್ಕಲಿನ ಕಡೆ ವಾಹನದ ಸದ್ದೂ ಅಡಗಿತ್ತು. ಒಳಗೆ ಮಾತ್ರ ಇಬ್ಬರು ಗಂಡು ಮಕ್ಕಳು, ಒಬ್ಬಳು ಹುಡುಗಿ, ಊರಿಂದ ಬಂದಿದ್ದ ಅವರ ಮಾಮ, ಎಲ್ಲರೂ ಒಂದೇ ಪರದೆಗೆ ಅಂಟಿಕೊಂಡು ಕೂತಿದ್ದರು. ಸ್ಲೊವಾಕಿಯಾದ ಬ್ರಾಟಿಸ್ಲಾವಾದಲ್ಲಿ ಯುರೋಪಿನ 21 ವರ್ಷದೊಳಗಿನವರ ಚಾಂಪಿಯನ್‌ಶಿಪ್ ಫೈನಲ್. ಇಂಗ್ಲೆಂಡ್ ಮತ್ತು ಜರ್ಮನಿ.

ಇಂಗ್ಲೆಂಡ್ ಎರಡು ಗೋಲು ಹೊಡೆದು ಆರಾಮವಾಗಿತ್ತು. ಜರ್ಮನಿ ಎರಡನ್ನೂ ತೀರಿಸಿತು. ಹೆಚ್ಚುವರಿ ಸಮಯ ಶುರುವಾಗಿ ಎರಡೇ ನಿಮಿಷಕ್ಕೆ ಬದಲಿ ಆಟಗಾರ ಜೊನಾಥನ್ ರೋ ತಲೆ ಕೊಟ್ಟ, 3-2. ಇಂಗ್ಲೆಂಡಿಗೆ ಸತತ ಎರಡನೇ ಕಪ್. ಮಾಮ ಕೇಳಿದರು, ‘21 ಅಂತೀರಿ, ಇವರಲ್ಲಿ ಕೆಲವರಿಗೆ ಗಡ್ಡ ಮೀಸೆ ಜೋರಾಗಿದೆಯಲ್ಲ?’ ಅವರ ಅನುಮಾನ ಸರಿಯೇ. ಅರ್ಹತಾ ಪಂದ್ಯಗಳು ಶುರುವಾಗುವ ಹೊತ್ತಿನ ವಯಸ್ಸನ್ನು ಲೆಕ್ಕ ಹಿಡಿಯುವುದರಿಂದ ಫೈನಲಿಗೆ ಬರುವಾಗ 23 ತುಂಬಿದವರೂ ಇರ್ತಾರೆ. ಇದರಲ್ಲಿ ಮೋಸ ಏನೂ ಇಲ್ಲ.

ಆಟ ಮುಗಿದ ಮೇಲೆ ದೊಡ್ಡವನು ಎದ್ದು ಹೋಗಲಿಲ್ಲ. ‘ಉಮ್ಮಾ, 2017 ನೆನಪಿದೆಯಾ?’ ಅಂದ. ನೆನಪಿಲ್ಲದೆ ಏನು. ಎಂಟು ವರ್ಷದಿಂದ ನಮ್ಮ ಮನೆಯಲ್ಲಿ ಯಾರೂ ಎತ್ತದೆ ಬಿಟ್ಟ ಮಾತು ಅದು.

ಆ ವರ್ಷ ಮೇ ತಿಂಗಳಲ್ಲಿ ಕ್ರೊಯೇಷಿಯಾದಲ್ಲಿ ಯುರೋಪಿನ 17 ವರ್ಷದೊಳಗಿನವರ ಚಾಂಪಿಯನ್‌ಶಿಪ್ ನಡೆದಿತ್ತು. ಫೈನಲಿನಲ್ಲಿ ಇಂಗ್ಲೆಂಡ್ 2-1ರಿಂದ ಮುಂದಿತ್ತು, ಕಪ್ ಕೈಗೆ ಬಂದಂತೆಯೇ. ರೆಫರಿ ಸೀಟಿ ಊದಬೇಕು ಅನ್ನುವಾಗ ಸ್ಪೇನ್ ಸಮ ಮಾಡಿತು, ಪೆನಾಲ್ಟಿಯಲ್ಲಿ ಗೆದ್ದೂಬಿಟ್ಟಿತು. ಆ ಟೂರ್ನಿಯಲ್ಲಿ ಎಂಟು ಗೋಲು ಹೊಡೆದವನು ಫ್ರಾನ್ಸಿನ ಅಮೀನ್ ಗೂಯಿರಿ. ಅಲ್ಜೀರಿಯಾ ಮೂಲದ ಮನೆಯ ಹುಡುಗ, ಮುಂದೆ ದೊಡ್ಡವರ ಫುಟ್ಬಾಲಿಗೆ ಅಲ್ಜೀರಿಯಾವನ್ನೇ ಆರಿಸಿಕೊಂಡ.

ಅದೇ ಹುಡುಗರೆಲ್ಲ ಅಕ್ಟೋಬರಿನಲ್ಲಿ ಭಾರತಕ್ಕೆ ಬಂದರು. 17 ವರ್ಷದೊಳಗಿನವರ ವಿಶ್ವಕಪ್. ಯುರೋಪಿನಿಂದ ಸ್ಪೇನ್, ಇಂಗ್ಲೆಂಡ್, ಜರ್ಮನಿ, ಫ್ರಾನ್ಸ್, ಟರ್ಕಿ. ಬೆಂಗಳೂರಿಗೆ ಒಂದು ಪಂದ್ಯವೂ ಸಿಗಲಿಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ರೋವರ್ಸ್ ಕಪ್ ಗೆದ್ದು, ಆ ಕಪ್ ಎತ್ತಿದ ಮೊದಲ ಭಾರತೀಯ ತಂಡವಾಯಿತು. ಮರುವರ್ಷ ಮತ್ತೆ ಗೆದ್ದಿತು. ಅಂಥ ಊರಿಗೆ ಒಂದು ಪಂದ್ಯ ಇಲ್ಲ ಅಂದಾಗ ನಮಗೆ ಕೋಪ ಬಂದದ್ದು ನಿಜ. ಆದರೆ ನಮ್ಮ ಕರಾವಳಿಯವರ ಅದೃಷ್ಟ ನೋಡಿ. ಆರು ಮೈದಾನಗಳಲ್ಲಿ ಎರಡು ಮಡಗಾಂವ್ ಮತ್ತು ಕೊಚ್ಚಿ. ಮಂಗಳೂರಿನಲ್ಲಿ ರೈಲು ಹತ್ತಿ ಉತ್ತರಕ್ಕೆ ಹೋದರೆ ಒಂದು, ದಕ್ಷಿಣಕ್ಕೆ ಹೋದರೆ ಇನ್ನೊಂದು.

ಮಡಗಾಂವ್‌ನಲ್ಲಿ ಅಕ್ಟೋಬರ್ 10ರಂದು ಇರಾನ್ ಹುಡುಗರು ಜರ್ಮನಿಯನ್ನು 4-0ರಿಂದ ಹೊಡೆದರು. ಕೊಚ್ಚಿಯಂತೂ ಸ್ಪೇನಿಗೆ ಎರಡನೇ ಮನೆಯಾಗಿತ್ತು. ಗುಂಪಿನ ಮೂರೂ ಪಂದ್ಯ ಅಲ್ಲೇ. ಕ್ವಾರ್ಟರ್ ಫೈನಲೂ ಅಲ್ಲೇ, ಇರಾನ್ ಮೇಲೆ 3-1, ಅಕ್ಟೋಬರ್ 22ರ ಭಾನುವಾರ. ಊರಿನ ಮನೆಯಿಂದ ಎರಡು ಮಂದಿ ಹೊರಟಿದ್ದರು, ಟಿಕೆಟ್ ಒಂದು ಹೆಚ್ಚಿಗೆ ಇತ್ತು. ದೊಡ್ಡವನಿಗೆ ಆಗ 16. ಅವನ ವಯಸ್ಸಿನವರೇ ಆಡುವ ವಿಶ್ವಕಪ್! ‘ಪರೀಕ್ಷೆ ಇದೆ, ಟ್ಯೂಷನ್ ಇದೆ’ ಅಂದು ನಾವೇ ತಡೆದೆವು. ಅವನು ಹಟ ಮಾಡಲಿಲ್ಲ. ಬೂಟು ತೊಳೆದು ಅಟ್ಟದ ಮೇಲೆ ಇಟ್ಟ. ಹಟ ಮಾಡಿದ್ದರೆ ಚೆನ್ನಾಗಿತ್ತು ಅಂತ ಈಗ ಅನಿಸ್ತದೆ.

ಅವನು ಟಿವಿಯಲ್ಲಿ ನೋಡಿದ್ದನ್ನು ಇವತ್ತಿಗೂ ಹೇಳ್ತಾನೆ. ಅಕ್ಟೋಬರ್ 9, ದಿಲ್ಲಿ, ಕೊಲಂಬಿಯಾ ಎದುರು ಭಾರತ ಒಂದು ಗೋಲು ಹಿಂದೆ. 82ನೇ ನಿಮಿಷಕ್ಕೆ ಕಾರ್ನರ್. ಒದ್ದವನು ನಮ್ಮ ಬೆಂಗಳೂರಿನ ಹುಡುಗ ಸಂಜೀವ್ ಸ್ಟಾಲಿನ್. ಮಣಿಪುರದ ಜೀಕ್ಸನ್ ಸಿಂಗ್ ಎಗರಿ ತಲೆ ಕೊಟ್ಟ. ಫಿಫಾ ವಿಶ್ವಕಪ್ ಒಂದರಲ್ಲಿ ಭಾರತದ ಮೊದಲ ಗೋಲು. ಸಂಭ್ರಮ ಮುಗಿಯುವ ಮೊದಲೇ, ಮರು ನಿಮಿಷಕ್ಕೆ ಕೊಲಂಬಿಯಾ ಮತ್ತೊಂದು ಹೊಡೆಯಿತು. ಭಾರತ ಮೂರೂ ಪಂದ್ಯ ಸೋತಿತು. ಆದರೂ ಆ ಕಾರ್ನರ್ ಬೆಂಗಳೂರಿನ ಕಾಲಿನದು. ಸ್ಟಾಲಿನ್ ಮುಂದೆ ಪೋರ್ಚುಗಲ್‌ಗೂ ಹೋಗಿ ಬಂದ, ಕೇರಳ ಬ್ಲಾಸ್ಟರ್ಸ್, ಮುಂಬೈ ಸಿಟಿ ತಂಡಗಳಲ್ಲಿ ಆಡಿದ.

ಅಕ್ಟೋಬರ್ 28ಕ್ಕೆ ಕೊಲ್ಕತ್ತಾದ ಸಾಲ್ಟ್ ಲೇಕ್ ಮೈದಾನದಲ್ಲಿ ಫೈನಲ್, ಮತ್ತೆ ಅದೇ ಸ್ಪೇನ್, ಅದೇ ಇಂಗ್ಲೆಂಡ್. 66,684 ಜನ. ಸ್ಪೇನಿನ ಸೆರ್ಜಿಯೊ ಗೋಮೆಜ್ 31 ನಿಮಿಷದೊಳಗೆ ಎರಡು ಗೋಲು ಹೊಡೆದ. ಮೇ ತಿಂಗಳ ಗಾಯ ಮತ್ತೆ ಕೆದಕಿದ ಹಾಗೆ. ಆಮೇಲೆ ಇಂಗ್ಲೆಂಡ್ ಒಂದಲ್ಲ ಎರಡಲ್ಲ, ಐದು ಗೋಲು ಹೊಡೆಯಿತು, 5-2. ಎರಡು ಗೋಲು ಹೊಡೆದು, ಟೂರ್ನಿಯ ಶ್ರೇಷ್ಠ ಆಟಗಾರನೂ ಆದವನು ಫಿಲ್ ಫೋಡೆನ್. ಸೋತವರ ಕಡೆ ಫೆರಾನ್ ಟೊರೆಸ್ ಇದ್ದ. ಇವರೆಲ್ಲ ಈಗ ಮನೆಮಾತು.

ಈಗ ಚಿಕ್ಕವನಿಗೆ 15. ಈ ವರ್ಷ ಎಸೆಸೆಲ್ಸಿ. ಬೆಳಿಗ್ಗೆ ಆರಕ್ಕೆ ಬ್ಯಾಗ್ ಹಾಕಿಕೊಂಡು ಅಭ್ಯಾಸಕ್ಕೆ ಹೋಗ್ತಾನೆ. ‘ಹತ್ತನೇ ಕ್ಲಾಸಿನಲ್ಲಿ ಆಟವಾ?’ ಅಂತ ಬಂಧುಗಳ ಫೋನು. ಬೀದಿಬದಿಯ ಅಂಗಡಿಯಿಂದ ಶುರು ಮಾಡಿ ಮಕ್ಕಳನ್ನು ಓದಿಸಿದವರು ನಾವು ಬ್ಯಾರಿಗಳು, ಮಾರ್ಕ್ಸ್‌ನ ಹೆದರಿಕೆ ನಮಗೆ ಸುಳ್ಳಲ್ಲ. ಲಮೀನ್ ಯಮಾಲ್ 2023ರಲ್ಲಿ ಹಂಗೇರಿಯ 17ರೊಳಗಿನ ಯುರೋ ಆಡಿ, ಮರುವರ್ಷವೇ ದೊಡ್ಡವರ ಯುರೋ ಗೆದ್ದ ಅಂತ ಚಿಕ್ಕವನು ವಾದ ಮಾಡ್ತಾನೆ. ಒಬ್ಬ ಯಮಾಲ್ ಬಂದ ಕಡೆ ಎಷ್ಟು ಹುಡುಗರು ಹೆಸರಿಲ್ಲದೆ ಉಳಿದರು ಅನ್ನುವುದನ್ನು ಅವನು ಲೆಕ್ಕಕ್ಕೆ ಇಡುವುದಿಲ್ಲ. ಅದನ್ನು ಹೇಳಬೇಕು ಅಂತ ಬಾಯಿ ತೆರೆದರೆ ದೊಡ್ಡವನು ನಮ್ಮ ಮುಖ ನೋಡ್ತಾನೆ. ಅಲ್ಲಿಗೆ ಮಾತು ನಿಲ್ತದೆ.

ಕೊನೆಗೆ ದೊಡ್ಡವನೇ ಒಪ್ಪಂದ ಮಾಡಿಸಿದ. ಬೆಳಿಗ್ಗೆಯ ಅಭ್ಯಾಸ ನಿಲ್ಲಿಸುವುದಿಲ್ಲ. ಮಗ್ರಿಬ್ ಆದ ಮೇಲೆ ಗಣಿತವನ್ನು ಅವನೇ ಹೇಳಿಕೊಡ್ತಾನೆ, ಟ್ಯೂಷನ್ ಬೇಡ. ಮಾಮ ಇನ್ನೊಂದು ಕೊಕ್ಕೆ ಹಾಕಿದರು. 17ರೊಳಗಿನ ವಿಶ್ವಕಪ್ 2029ರವರೆಗೆ ಪ್ರತಿ ವರ್ಷ ಕತಾರಿನಲ್ಲಿ, ದೋಹಾದಲ್ಲಿ ನಮ್ಮವರ ಮನೆಗೇನು ಕೊರತೆ, ಪಾಸಾದರೆ ಕರೆದುಕೊಂಡು ಹೋಗ್ತೇನೆ ಅಂದರು.

ಅಷ್ಟು ಹೊತ್ತು ಸುಮ್ಮನಿದ್ದ ಹುಡುಗಿ ಆಗ ಕೇಳಿದಳು. 2022ರಲ್ಲಿ ಹುಡುಗಿಯರ ವಿಶ್ವಕಪ್ಪೂ ಭಾರತದಲ್ಲೇ ಆಗಿತ್ತಲ್ಲ, ಯುರೋಪಿನ ಫೈನಲಿನಲ್ಲಿ ಜರ್ಮನಿಗೆ ಸೋತಿದ್ದ ಸ್ಪೇನ್ ಹುಡುಗಿಯರು ಗೋವಾದ ಸೆಮಿಫೈನಲಿನಲ್ಲಿ 1-0ರಿಂದ ಸೇಡು ತೀರಿಸಿಕೊಂಡರಲ್ಲ, ಅದಕ್ಕೆ ನಮ್ಮನ್ನು ಯಾಕೆ ಯಾರೂ ಕರೆದುಕೊಂಡು ಹೋಗಲಿಲ್ಲ?

ಮಾಮ ಎರಡು ಟಿಕೆಟ್ ಅಂತ ಬರೆದುಕೊಂಡರು.