75 ವ್ಯಾಟ್‌ನ ಗಡಿ

ಚಿಗಟೇರಿಯಂಥ ಹೋಬಳಿ ಊರಿನಲ್ಲಿ ಕಂಪ್ಯೂಟರಿಗೊಂದು ಗ್ರಾಫಿಕ್ಸ್ ಕಾರ್ಡ್ ಬೇಕೆಂದರೆ ಹರಪನಹಳ್ಳಿಗೆ ಹೋಗಬೇಕು, ಅಲ್ಲಿ ಸಿಗದಿದ್ದರೆ ದಾವಣಗೆರೆಗೆ. ಅಲ್ಲೂ ರೇಟು ಹೊಂದಲಿಲ್ಲವೆಂದರೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿಬರುವವರನ್ನು ಹುಡುಕಬೇಕು, ಇಲ್ಲವೇ ಆನ್‌ಲೈನ್‌ನಲ್ಲಿ ತರಿಸಿಕೊಳ್ಳಬೇಕು. ತಂದದ್ದು ಹೊಂದದಿದ್ದರೆ ವಾಪಸು ಕೊಡುವ ಓಡಾಟಕ್ಕೇ ಒಂದು ದಿನದ ದುಡಿಮೆ ಹೋಗುತ್ತದೆ. ಯೂಟ್ಯೂಬ್‌ನಲ್ಲಿ ಕಾರ್ಡ್‌ಗಳನ್ನು ತೂಗಿ ನೋಡುವವರ ಲೆಕ್ಕದಲ್ಲಿ ಈ ಖರ್ಚು ಎಲ್ಲೂ ಬರುವುದಿಲ್ಲ. ಏರುಪೇರಾಗುವ ಕರೆಂಟು, 40 ಡಿಗ್ರಿ ಮುಟ್ಟುವ ಬೇಸಿಗೆ, ಸುಗ್ಗಿಯಲ್ಲಿ ಮೆಕ್ಕೆಜೋಳದ ರಾಶಿಯಿಂದ ಎದ್ದು ಅಂಗಡಿಯೊಳಗೆ ಬಂದು ಕೂರುವ ಧೂಳು, ಇವೂ ಬರುವುದಿಲ್ಲ. ಅವರದು ಒಂದೇ ಸೂತ್ರ: ಎಷ್ಟು ರೂಪಾಯಿಗೆ ಎಷ್ಟು ಫ್ರೇಮ್? ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಈ ಬಯಲುಸೀಮೆಯಲ್ಲಿ ಆ ಸೂತ್ರವನ್ನು ಬದಿಗಿಡಬೇಕು ಎನ್ನುವುದು ನನ್ನ ವಾದ. ಇಲ್ಲಿ ಕಾರ್ಡಿನ ಹೆಸರಿಗಿಂತ, ಅದರ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದ ಜಿಬಿಗಿಂತ ಮೊದಲು ನೋಡಬೇಕಾದದ್ದು ಅದು ತಿನ್ನುವ ವ್ಯಾಟ್. ಕೊಳ್ಳುವಾಗಿನ ಈ ಲೆಕ್ಕವೇ ಮುಂದೆ ಕಾರ್ಡ್ ಕೈಕೊಟ್ಟಾಗ ದೋಷ ಹುಡುಕುವುದಕ್ಕೂ ದಾರಿಯಾಗುತ್ತದೆ.

ಅದಕ್ಕೂ ಮುಂಚಿನ ಪ್ರಶ್ನೆಯೊಂದಿದೆ: ಕಾರ್ಡ್ ಬೇಕೇ ಬೇಕೆ? ನುಡಿಯಲ್ಲಿ ಟೈಪ್ ಮಾಡುವುದಕ್ಕೆ, ಸೇವಾ ಸಿಂಧು ಅರ್ಜಿ ತುಂಬುವುದಕ್ಕೆ, ಕೋರೆಲ್‌ಡ್ರಾನಲ್ಲಿ ಮದುವೆ ಪತ್ರಿಕೆ ಕೂರಿಸುವುದಕ್ಕೆ ಪ್ರತ್ಯೇಕ ಕಾರ್ಡ್ ಬೇಡ. ಹೆಚ್ಚಿನ ಪ್ರೊಸೆಸರ್‌ಗಳ ಒಡಲಲ್ಲೇ ಚಿತ್ರ ಮೂಡಿಸುವ ಭಾಗ ಇರುತ್ತದೆ. ಫ್ಲೆಕ್ಸ್ ಡಿಸೈನ್ ಮಾಡುವವರ ಫೋಟೋಶಾಪ್ ತೆವಳುತ್ತಿದ್ದರೆ ಮುಕ್ಕಾಲುಪಾಲು ಸಲ ಅಲ್ಲಿ ಕಡಿಮೆಯಾಗಿರುವುದು ರ‍್ಯಾಮ್, ಅಥವಾ ಹಳೆಯ ಹಾರ್ಡ್‌ಡಿಸ್ಕ್ ಬದಲು ಇರಬೇಕಾಗಿದ್ದ ಎಸ್‌ಎಸ್‌ಡಿ. ಆಟಗಳ ಹುಚ್ಚಿಗೂ ಇದೇ ಮಾತು ಸ್ವಲ್ಪ ಮಟ್ಟಿಗೆ ಸಲ್ಲುತ್ತದೆ. 2020ರಲ್ಲಿ ಬಂದ ವ್ಯಾಲೊರಂಟ್ ಆಟಕ್ಕೆ ಅದರ ತಯಾರಕರೇ ಕನಿಷ್ಠವೆಂದು ಹೇಳಿದ್ದು ಇಂಟೆಲ್‌ನ ಒಳಗಿನ ಎಚ್‌ಡಿ 4000 ಗ್ರಾಫಿಕ್ಸ್ ಅನ್ನು. ಹೊಸದಾಗಿ ಕಂಪ್ಯೂಟರ್ ಕಟ್ಟಿಸುವವರು ಎಎಂಡಿಯ ರೈಜನ್ 5 5600ಜಿ ಥರದ ಪ್ರೊಸೆಸರ್ ತೆಗೆದುಕೊಂಡು, 16 ಜಿಬಿಯ ಒಂದೇ ರ‍್ಯಾಮ್ ಕಡ್ಡಿಯ ಬದಲು 8 ಜಿಬಿಯ ಎರಡು ಕಡ್ಡಿ ಹಾಕಿಸಿದರೆ ಅರ್ಧ ಕಾರ್ಡ್ ಕೊಂಡಂತೆಯೇ. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮನ್ನೇ ಅದು ಬಳಸುತ್ತದೆ. ಕಡ್ಡಿ ಎರಡಾದರೆ ಹರಿಯುವ ದಾರಿಯೂ ಎರಡು, ವೇಗ ದುಪ್ಪಟ್ಟು. ಅಂಗಡಿಯವರು ಒಂದೇ ಕಡ್ಡಿ ಹಾಕಿ ಕೊಟ್ಟು, ಆಮೇಲೆ ಆಟ ನಿಧಾನವೆಂದು ದೂರು ಹೋದಾಗ ಕಾರ್ಡ್ ಮಾರುವುದು ಹೊಸತೇನಲ್ಲ. ಇಂಟೆಲ್‌ನದಾದರೆ ಹೆಸರಿನ ಕೊನೆಯ ಅಕ್ಷರ ನೋಡಿ. ಐ3-12100ಎಫ್‌ನಲ್ಲಿರುವ ‘ಎಫ್’ ಎಂದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಕೆಲವು ನೂರು, ಸಾವಿರ ಉಳಿಯಿತೆಂದು ಎಫ್ ತೆಗೆದುಕೊಂಡವರಿಗೆ ಮುಂದೊಂದು ದಿನ ಕಾರ್ಡ್ ಕೆಟ್ಟರೆ ಪರದೆಯಲ್ಲಿ ಏನೂ ಕಾಣುವುದಿಲ್ಲ. ಬಿಡಿಭಾಗ ಬರಲು ವಾರ ಹಿಡಿಯುವ ಊರಿನಲ್ಲಿ ಅಂಗಡಿಯೇ ವಾರ ಮುಚ್ಚಿದಂತಾಗುತ್ತದೆ.

ಕಾರ್ಡ್ ನಿಜಕ್ಕೂ ಬೇಕಾಗುವುದು ಮದುವೆ, ಜಾತ್ರೆ, ನಾಟಕಗಳ ವಿಡಿಯೊ ಎಡಿಟ್ ಮಾಡುವ ಸ್ಟುಡಿಯೊದವರಿಗೆ. ವಿಚಿತ್ರವೆಂದರೆ ಹೆಚ್ಚು ಮೋಸ ಹೋಗುವವರೂ ಅವರೇ. ಬಜೆಟ್ ಕಡಿಮೆ ಎಂದಾಗ ಅಂಗಡಿಯವರ ಕೈ ಮೊದಲು ಹೋಗುವುದು ಜಿಟಿ 710 ಅಥವಾ ಜಿಟಿ 1030ರ ಕಡೆಗೆ. 2017ರಲ್ಲಿ ಬಂದ ಜಿಟಿ 1030 ಬರೀ 30 ವ್ಯಾಟ್‌ನ ಸಾಧು ಕಾರ್ಡ್, ನಿಜ. ಆದರೆ ಎಡಿಟ್ ಮುಗಿದ ಮೇಲೆ ಎರಡು ಗಂಟೆಯ ಮದುವೆಯನ್ನು ಒಂದು ಫೈಲಾಗಿ ಹೊರತೆಗೆಯುವ ಕೆಲಸವನ್ನು ವೇಗವಾಗಿ ಮುಗಿಸುವ ಎನ್‌ಕೋಡರ್ ಎಂಬ ಭಾಗವೇ ಅದರಲ್ಲಿಲ್ಲ. 2022ರಲ್ಲಿ ಬಂದ ಎಎಂಡಿಯ ಆರ್‌ಎಕ್ಸ್ 6400ರಲ್ಲೂ ಇಲ್ಲ. ಇತ್ತ ಇಂಟೆಲ್ ತನ್ನ ಪ್ರೊಸೆಸರ್‌ಗಳ ಒಳಗಿನ ಗ್ರಾಫಿಕ್ಸ್‌ನಲ್ಲಿ 2011ರಿಂದಲೇ ಕ್ವಿಕ್ ಸಿಂಕ್ ಎಂಬ ಎನ್‌ಕೋಡರ್ ಇಟ್ಟಿದೆ. ಅಂದರೆ ಪ್ರೊಸೆಸರ್‌ನೊಳಗೆ ಪುಕ್ಕಟೆ ಸಿಕ್ಕ ಅನುಕೂಲವನ್ನು ಬಿಟ್ಟು, ಅದಿಲ್ಲದ ಕಾರ್ಡನ್ನು ದುಡ್ಡು ಕೊಟ್ಟು ತಂದಂತಾಗುತ್ತದೆ. ಜಿಟಿ 1030ರಲ್ಲಿ ಇನ್ನೊಂದು ತಿರುವೂ ಇದೆ. 2018ರಲ್ಲಿ ಅದೇ ಹೆಸರಿನಲ್ಲಿ ಡಿಡಿಆರ್4 ಮೆಮೊರಿಯ ಕಾರ್ಡ್ ಬಂತು. ಮೊದಲಿನದರ ಮೆಮೊರಿ ಸೆಕೆಂಡಿಗೆ 48 ಜಿಬಿ ಸಾಗಿಸಿದರೆ ಇದರದು ಸುಮಾರು 17 ಜಿಬಿ. ಎರಡರ ಡಬ್ಬಿಯ ಮೇಲೂ ಕಾಣುವುದು ಅದೇ 2 ಜಿಬಿ. ಅತ್ತ ಎರಡು ಕಡ್ಡಿ ಡಿಡಿಆರ್4-3200 ರ‍್ಯಾಮ್ ಹಾಕಿದ ಸಾದಾ ಕಂಪ್ಯೂಟರಿನಲ್ಲೇ ಸೆಕೆಂಡಿಗೆ 51 ಜಿಬಿ ಹರಿಯುತ್ತದೆ. ಜಿಬಿ ಹೆಚ್ಚಿದ್ದಷ್ಟೂ ಕಾರ್ಡ್ ಒಳ್ಳೆಯದು ಎಂಬ ನಂಬಿಕೆ ಇಲ್ಲಿಗೆ ಮುಗಿಯಬೇಕು. ಮೆಮೊರಿ ಎಷ್ಟಿದೆ ಎನ್ನುವಷ್ಟೇ ಅದು ಎಷ್ಟು ಬೇಗ ಸಾಗಿಸುತ್ತದೆ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಈಗ ವ್ಯಾಟ್‌ನ ಮಾತು. ಮದರ್‌ಬೋರ್ಡಿನಲ್ಲಿ ಕಾರ್ಡ್ ಕೂರುವ ಉದ್ದನೆಯ ಸ್ಲಾಟು ಹೆಚ್ಚೆಂದರೆ 75 ವ್ಯಾಟ್ ಕೊಡುತ್ತದೆ. ಅದಕ್ಕಿಂತ ಹೆಚ್ಚು ಬೇಕಾದ ಕಾರ್ಡಿಗೆ, ಕಂಪ್ಯೂಟರಿನ ಭಾಗಗಳಿಗೆ ಕರೆಂಟು ಹಂಚುವ ಎಸ್‌ಎಂಪಿಎಸ್‌ನಿಂದ ಬೇರೆ ವೈರ್ ಎಳೆಯಬೇಕು: 6 ಪಿನ್ನಿನದು ಇನ್ನೊಂದು 75 ವ್ಯಾಟ್, 8 ಪಿನ್ನಿನದು 150 ವ್ಯಾಟ್. ನಮ್ಮ ಕಡೆ ಅಗ್ಗದ ಕ್ಯಾಬಿನೆಟ್ಟಿನ ಜೊತೆಗೇ ಬರುವ ಎಸ್‌ಎಂಪಿಎಸ್ ಮೇಲೆ 450 ವ್ಯಾಟ್ ಎಂದು ಬರೆದಿರುತ್ತದೆ. ಅದನ್ನು ನಂಬುವ ಮುಂಚೆ ಪಕ್ಕದ ಲೇಬಲ್ ಓದಿ. 12 ವೋಲ್ಟ್ ಸಾಲಿನಲ್ಲಿ 16 ಆಂಪಿಯರ್ ಎಂದಿದ್ದರೆ ಗುಣಿಸಿದಾಗ ಬರುವುದು 192 ವ್ಯಾಟ್. ಪ್ರೊಸೆಸರ್, ಕಾರ್ಡ್ ಎರಡೂ ಬದುಕಬೇಕಾದದ್ದು ಅಷ್ಟರಲ್ಲೇ. ಎತ್ತಿನ ಬಲ ನೋಡದೆ ಬಂಡಿಗೆ ಹೇರು ಹಾಕಿದರೆ ಏನಾಗುತ್ತದೋ ಇಲ್ಲೂ ಅದೇ ಆಗುತ್ತದೆ: ಆಟದ ನಡುವೆ, ರೆಂಡರ್ ನಡುವೆ ಕಂಪ್ಯೂಟರ್ ತಟ್ಟನೆ ಆರಿಹೋಗುತ್ತದೆ. ಯುಪಿಎಸ್ ಕಥೆಯೂ ಇದೇ. 600 ವಿಎ ಎಂದು ಮಾರುವ ಯುಪಿಎಸ್ ಸಾಮಾನ್ಯವಾಗಿ ಹೊರಬಲ್ಲದ್ದು 360 ವ್ಯಾಟ್ ಆಸುಪಾಸು, ಅದರಲ್ಲಿ ಮಾನಿಟರ್‌ಗೂ ಪಾಲಿದೆ. ತಿಂದ ಪ್ರತಿ ವ್ಯಾಟ್ ಕೊನೆಗೆ ಬಿಸಿಯಾಗಿಯೇ ಹೊರಬರುತ್ತದೆ, ಫ್ಯಾನಿಗೆ ಸಿಗುವುದು ಕೋಣೆಯ ಗಾಳಿ ಮಾತ್ರ. ಏಸಿ ಕೋಣೆಯ 25 ಡಿಗ್ರಿಯಲ್ಲಿ 65ಕ್ಕೆ ನಿಲ್ಲುವ ಕಾರ್ಡ್, ಏಪ್ರಿಲ್ ಮಧ್ಯಾಹ್ನ ತಗಡಿನ ಮಾಡಿನ ಕೆಳಗಿನ 40 ಡಿಗ್ರಿಯಲ್ಲಿ 80ರ ಹತ್ತಿರ ಓಡುತ್ತದೆ. ಹಾಗಾಗಿ ಸ್ಲಾಟಿನ 75 ವ್ಯಾಟ್‌ನೊಳಗೇ ಮುಗಿಯುವ ಕಾರ್ಡ್ ನಮಗೆ ಮೊದಲ ಆಯ್ಕೆ. 2019ರ ಜಿಟಿಎಕ್ಸ್ 1650 ಸರಿಯಾಗಿ 75 ವ್ಯಾಟ್‌ನದು, ಅದರ ಹಲವು ಮಾದರಿಗಳಿಗೆ ಬೇರೆ ವೈರ್ ಬೇಕಿಲ್ಲ. 2024ರಲ್ಲಿ ಬಂದ ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ 70 ವ್ಯಾಟ್‌ನದು. ಎರಡರಲ್ಲೂ ಎನ್‌ಕೋಡರ್ ಇದೆ. ಕಚೇರಿಗಳಿಂದ ಬಂದ ಹಳೆಯ ಸಣ್ಣ ಡೆಸ್ಕ್‌ಟಾಪ್‌ ಕೊಂಡವರಿಗಂತೂ ಬೇರೆ ದಾರಿಯೇ ಇಲ್ಲ. ಅವುಗಳ ಎಸ್‌ಎಂಪಿಎಸ್‌ನಲ್ಲಿ ಕಾರ್ಡಿಗೆಂದು ವೈರೇ ಇರುವುದಿಲ್ಲ, ಪೆಟ್ಟಿಗೆಯೊಳಗೆ ಅರ್ಧ ಎತ್ತರದ ಕಾರ್ಡ್ ಮಾತ್ರ ಹಿಡಿಯುತ್ತದೆ.

ಇದಕ್ಕೆ ಬರುವ ಬಲವಾದ ಆಕ್ಷೇಪ ಗೊತ್ತಿರುವುದೇ. ಹೊಸ 1650ರ ದುಡ್ಡಿಗಿಂತ ಕಡಿಮೆಗೆ ಸೆಕೆಂಡ್‌ಹ್ಯಾಂಡ್ ಆರ್‌ಎಕ್ಸ್ 580 ಸಿಗುತ್ತದೆ, 8 ಜಿಬಿ ಇದೆ, ಆಟದಲ್ಲಿ 1650ನ್ನು ಹಿಂದೆ ಹಾಕುತ್ತದೆ. ಮಾತು ಸುಳ್ಳಲ್ಲ. ಆದರೆ ಅದು 185 ವ್ಯಾಟ್‌ನ ಕಾರ್ಡ್. ಅದನ್ನು ತಂದರೆ ಒಳ್ಳೆಯ ಎಸ್‌ಎಂಪಿಎಸ್ ತರಬೇಕು, ಯುಪಿಎಸ್ ದೊಡ್ಡದಾಗಬೇಕು, ಕ್ಯಾಬಿನೆಟ್ಟಿಗೆ ಇನ್ನೊಂದೆರಡು ಫ್ಯಾನ್ ಬೇಕು. ಅಗ್ಗ ಅಲ್ಲಿಗೆ ಕರಗುತ್ತದೆ. ಕಾರ್ಡಿನ ಹಿಂದಿನ ಜನ್ಮವೂ ಗೊತ್ತಿರುವುದಿಲ್ಲ. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಎಂಬ ಕ್ರಿಪ್ಟೊ ನಾಣ್ಯ ತನ್ನ ವ್ಯವಸ್ಥೆ ಬದಲಿಸಿದಾಗ ಕಾರ್ಡ್‌ಗಳಿಂದ ಅದನ್ನು ಗಣಿ ಮಾಡುವುದು ನಿಂತಿತು, ಹಗಲು ರಾತ್ರಿ ದುಡಿದ ಕಾರ್ಡ್‌ಗಳು ಜಗತ್ತಿನ ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಗೆ ಬಂದು ಬಿದ್ದವು. ಗಣಿಯಲ್ಲಿ ದುಡಿದದ್ದೆಲ್ಲ ಕೆಟ್ಟದ್ದು ಎನ್ನುವುದು ಅತಿಯಾಯಿತು, ಚಿಪ್ ಹೆಚ್ಚಾಗಿ ತಡೆದುಕೊಳ್ಳುತ್ತದೆ. ಸವೆಯುವುದು ಫ್ಯಾನು, ಒಣಗುವುದು ಚಿಪ್ಪಿನ ಮೇಲಿನ ಪೇಸ್ಟು. ಅದಕ್ಕಿಂತ ಹುಷಾರಾಗಿರಬೇಕಾದದ್ದು ಹೆಸರಿನ ವಿಷಯದಲ್ಲಿ. ‘2048ಎಸ್‌ಪಿ’ ಎಂಬ ಬಾಲವಿರುವ 580, ವಾಸ್ತವದಲ್ಲಿ ಆರ್‌ಎಕ್ಸ್ 570. ಇನ್ನು ಹಳೆಯ ಜಿಟಿಎಸ್ 450ರಂಥ ಕಾರ್ಡಿನ ಬಯೋಸ್ ತಿದ್ದಿ ಜಿಟಿಎಕ್ಸ್ 1050 ಟಿಐ ಎಂದು ಮಾರುವ ದಂಧೆಯಂತೂ ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ 2018ರಿಂದ ಅಂಥ ಕಾರ್ಡಿಗೆ ‘ಫೇಕ್’ ಎಂದು ಮುದ್ರೆ ಒತ್ತಬೇಕಾಗುವಷ್ಟು ಬೆಳೆದಿತ್ತು. ಸೆಕೆಂಡ್‌ಹ್ಯಾಂಡ್ ಕೊಳ್ಳುವುದಾದರೆ ಮಾರುವವರ ಯಂತ್ರದಲ್ಲೇ ಜಿಪಿಯು-ಝಡ್ ಓಡಿಸಿ, ಅರ್ಧ ಗಂಟೆ ಭಾರ ಹಾಕಿ, ಬಿಸಿ ಎಷ್ಟಾಯಿತೆಂದು ನೋಡಿ ದುಡ್ಡು ಕೊಡಿ. ಅದಕ್ಕೆ ಒಪ್ಪದವರಿಂದ ಕೊಳ್ಳಬೇಡಿ.

ಇನ್ನೊಂದು ಆಕ್ಷೇಪ: ಇವತ್ತು ಸಣ್ಣದು ಕೊಂಡರೆ ನಾಳೆಗೆ ಸಾಲುವುದಿಲ್ಲ, ಒಂದೇ ಸಲ ದೊಡ್ಡದು ಹಾಕಬೇಕು. ಆದರೆ ಕಾರ್ಡ್‌ಗಳ ಆಯಸ್ಸು ತೀರುವುದು ಶಕ್ತಿಯಿಂದಷ್ಟೇ ಅಲ್ಲ, ಡ್ರೈವರ್‌ನಿಂದ ಕೂಡ. ಎನ್‌ವಿಡಿಯಾ 2021ರಲ್ಲಿ ಕೆಪ್ಲರ್ ಪೀಳಿಗೆಯ ಕಾರ್ಡ್‌ಗಳಿಗೆ ಹೊಸ ಡ್ರೈವರ್ ನಿಲ್ಲಿಸಿತು, ಜಿಟಿ 710 ಆ ಪೀಳಿಗೆಯದು. 2025ರ ಅಕ್ಟೋಬರ್ ನಂತರ ಪ್ಯಾಸ್ಕಲ್ ಪೀಳಿಗೆಗೂ ಭದ್ರತಾ ಪರಿಷ್ಕರಣೆ ಮಾತ್ರ, ಅದೂ 2028ರ ಅಕ್ಟೋಬರ್‌ವರೆಗೆ. ಜಿಟಿ 1030, 1050 ಟಿಐ ಎರಡೂ ಅದರಲ್ಲಿವೆ. 1650 ಅದರ ಮುಂದಿನ ಪೀಳಿಗೆಯದು. ನಾಳೆಯ ಯೋಚನೆ ಇದ್ದವರು ಪೀಳಿಗೆ ಹೊಸದಿರುವ, ವ್ಯಾಟ್ ಕಡಿಮೆ ಇರುವ ಕಾರ್ಡಿಗೆ ಹೋಗಿ, ಉಳಿದ ದುಡ್ಡನ್ನು ಎಸ್‌ಎಂಪಿಎಸ್‌ಗೆ ಹಾಕುವುದು ಲೇಸು. ಕಾರ್ಡ್ ಬದಲಾಗಬಹುದು, ಒಳ್ಳೆಯ ಎಸ್‌ಎಂಪಿಎಸ್ ಮುಂದಿನ ಕಾರ್ಡಿಗೂ ಉಳಿಯುತ್ತದೆ.

ಕಾರ್ಡ್ ಕೈಕೊಟ್ಟಿತು ಎನ್ನುವಾಗಲೂ ಹುಡುಕಾಟ ಗೋಡೆಯ ಪ್ಲಗ್ಗಿನಿಂದ ಶುರುವಾಗಬೇಕು. ಕಾರ್ಡ್ ಕೆಟ್ಟಿದೆ ಎಂದು ಬರುವ ದೂರುಗಳಲ್ಲಿ ಬಹಳಷ್ಟಕ್ಕೆ ಕಾರಣ ಕಾರ್ಡಿನ ಹೊರಗಿರುತ್ತದೆ. ಪರದೆ ಕಪ್ಪಾಗಿದ್ದರೆ ಮೊದಲು ಕೇಬಲ್ ಎಲ್ಲಿ ಸಿಕ್ಕಿಸಿದ್ದೀರಿ ನೋಡಿ: ಕಾರ್ಡ್ ಹಾಕಿಸಿದ ಮೇಲೂ ಮಾನಿಟರ್ ಕೇಬಲ್ ಮದರ್‌ಬೋರ್ಡಿನ ಕಿಂಡಿಯಲ್ಲೇ ಉಳಿದಿರುವುದು ಮಾಮೂಲು. ನಮ್ಮ ಕಡೆ ಇನ್ನೂ ನೀಲಿ ವಿಜಿಎ ಪಿನ್ನಿನ ಹಳೆಯ ಮಾನಿಟರ್‌ಗಳು ಧಾರಾಳ, ಹೊಸ ಕಾರ್ಡ್‌ಗಳಲ್ಲಿ ವಿಜಿಎ ಇಲ್ಲ. ಆಗ ಬೇಕಾದದ್ದು ಒಳಗೆ ಚಿಪ್ ಇರುವ ಎಚ್‌ಡಿಎಂಐ–ವಿಜಿಎ ಕನ್ವರ್ಟರ್. ಬರೀ ಪಿನ್ ಬದಲಿಸುವ ಅಗ್ಗದ ಡಿವಿಐ ಅಡಾಪ್ಟರ್ ಹೊಸ ಕಾರ್ಡ್‌ಗಳ ಮೇಲೆ ಕೆಲಸ ಮಾಡುವುದಿಲ್ಲ. ಆಮೇಲೆ ಕರೆಂಟು ತೆಗೆದು ರ‍್ಯಾಮ್ ಮತ್ತು ಕಾರ್ಡ್ ಎರಡನ್ನೂ ಬಿಚ್ಚಿ, ಹೊಂಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ ಮತ್ತೆ ಕೂರಿಸಿ. ಧೂಳಿನ ಊರಿನಲ್ಲಿ ಇದೊಂದರಿಂದಲೇ ಸರಿಹೋಗುವ ಯಂತ್ರಗಳು ಕಡಿಮೆಯಲ್ಲ. ಪ್ರೊಸೆಸರ್‌ನಲ್ಲಿ ಗ್ರಾಫಿಕ್ಸ್ ಇದ್ದರೆ ಕಾರ್ಡ್ ತೆಗೆದು ಮದರ್‌ಬೋರ್ಡಿಗೆ ಕೇಬಲ್ ಹಾಕಿ. ಆಗ ಚಿತ್ರ ಬಂದರೆ ಅನುಮಾನ ಕಾರ್ಡ್, ಸ್ಲಾಟು, ಎಸ್‌ಎಂಪಿಎಸ್ ಈ ಮೂರಕ್ಕೆ ಇಳಿಯುತ್ತದೆ. ಎಫ್ ಪ್ರೊಸೆಸರ್ ಕೊಂಡವರಿಗೆ ಈ ಪರೀಕ್ಷೆಯೇ ಇಲ್ಲ.

ಚಿತ್ರ ಬಂದು ಕೆಲಸದ ನಡುವೆ ಕೆಡುವುದಾದರೆ ಹೇಗೆ ಕೆಡುತ್ತದೆ ಎನ್ನುವುದೇ ಸುಳಿವು. ಭಾರ ಬಿದ್ದೊಡನೆ ಇಡೀ ಯಂತ್ರ ಆರಿದರೆ ಎಸ್‌ಎಂಪಿಎಸ್ ಕಡೆ ನೋಡಿ. ಕರೆಂಟು ಹೋಗಿ ಇನ್ವರ್ಟರ್‌ಗೆ ಬದಲಾಗುವ ಕ್ಷಣದಲ್ಲಿ ಮಾತ್ರ ಆರಿದರೆ ಇನ್ವರ್ಟರ್ ಯುಪಿಎಸ್ ಮೋಡ್‌ನಲ್ಲಿದೆಯೇ ನೋಡಿ. ಹತ್ತಿಪ್ಪತ್ತು ನಿಮಿಷ ಚೆನ್ನಾಗಿ ಓಡಿ ನಂತರ ತೆವಳತೊಡಗಿದರೆ ಅದು ಬಿಸಿ. ಬಹುತೇಕ ಎನ್‌ವಿಡಿಯಾ ಕಾರ್ಡ್‌ಗಳು 83 ಡಿಗ್ರಿ ಆಸುಪಾಸಿನಲ್ಲಿ ತಾವೇ ವೇಗ ತಗ್ಗಿಸಿಕೊಳ್ಳುತ್ತವೆ. ಬ್ಲೋವರ್‌ನಿಂದ ಧೂಳು ಹೊಡೆಯುವಾಗ ಫ್ಯಾನನ್ನು ಬೆರಳಿನಿಂದ ಹಿಡಿದಿಡಿ, ಗಾಳಿಯ ರಭಸಕ್ಕೆ ಗಿರಗಿರ ತಿರುಗಿದರೆ ಬೇರಿಂಗ್ ಹೋಗುತ್ತದೆ. ವಿಂಡೋಸ್ ಅಪ್‌ಡೇಟ್ ಆದ ಮರುದಿನದಿಂದ ತೊಂದರೆ ಶುರುವಾಗಿದ್ದರೆ ಸೇಫ್ ಮೋಡ್‌ನಲ್ಲಿ ಡಿಡಿಯು ತಂತ್ರಾಂಶದಿಂದ ಹಳೆಯ ಡ್ರೈವರ್ ಗುಡಿಸಿ, ತಯಾರಕರ ತಾಣದಿಂದ ಹೊಸದು ಹಾಕಿ. ಪರದೆಯ ಮೇಲೆ ಬಣ್ಣಬಣ್ಣದ ಚೌಕ, ಗೆರೆಗಳು ಮೂಡುತ್ತಿದ್ದು, ಬೇರೆ ಯಂತ್ರಕ್ಕೆ ಹಾಕಿದರೂ ಹಾಗೆಯೇ ಇದ್ದರೆ ಮಾತ್ರ ಕಾರ್ಡಿನ ಮೆಮೊರಿ ಅಥವಾ ಚಿಪ್ ಸಾಯುತ್ತಿದೆ ಎನ್ನಬಹುದು. ಆಗ ಯಾರಾದರೂ ಹೀಟ್‌ಗನ್ ಹಿಡಿದು ಕಾಯಿಸಿ ಕೊಡುತ್ತೇವೆಂದರೆ ಒಪ್ಪಬೇಡಿ. ಕಾಯಿಸಿದ ಕಾರ್ಡ್ ಕೆಲವು ದಿನ, ಕೆಲವು ವಾರ ಓಡಿ ಮತ್ತೆ ಅದೇ ಚೌಕಗಳನ್ನು ತೋರಿಸುತ್ತದೆ, ಒಮ್ಮೆ ಕಾಯಿಸಿದ ಮೇಲೆ ಕಂಪನಿ ವಾರಂಟಿಯನ್ನೂ ಮಾನ್ಯ ಮಾಡುವುದಿಲ್ಲ. ಬಿಲ್ ಇದ್ದು ವಾರಂಟಿ ಮುಗಿದಿಲ್ಲವಾದರೆ ಸ್ಕ್ರೂ ಕೂಡ ಬಿಚ್ಚದೆ ಕಳಿಸಿ, ಅದು ಬರುವವರೆಗೆ ಒಳಗಿನ ಗ್ರಾಫಿಕ್ಸ್‌ನಲ್ಲೇ ಅಂಗಡಿ ನಡೆಯಲಿ.