ಮನೆಯಿಲ್ಲದವರಿಗೆ ಮನೆ: ಫಲವನ್ನು ಅಳೆದ ಬಗೆ

ಧರ್ಮಛತ್ರವನ್ನು ನಡೆಯಿಸುವ ಪಾರುಪತ್ಯಗಾರನನ್ನು “ಈ ವರ್ಷ ಛತ್ರವು ಹೇಗೆ ನಡೆಯಿತು?” ಎಂದು ಕೇಳಿದರೆ, ಎಷ್ಟು ಎಲೆ ಬಿದ್ದುವು, ಎಷ್ಟು ಅಕ್ಕಿ ವೆಚ್ಚವಾಯಿತು ಎಂಬ ಲೆಕ್ಕವನ್ನು ಒಪ್ಪಿಸುವನು. ಆ ಲೆಕ್ಕದಲ್ಲಿ ತಪ್ಪೇನೂ ಇಲ್ಲ. ಆದರೆ ಉಂಡೆದ್ದವನು ಆ ರಾತ್ರಿ ಎಲ್ಲಿ ಮಲಗಿದನು, ಮರುವರ್ಷವೂ ಅದೇ ಪಂಕ್ತಿಗೆ ಬಂದು ಕುಳಿತನೇ ಎಂಬುದು ಅವನ ಕಡತದಲ್ಲಿ ಇರುವುದಿಲ್ಲ.

ಬೀದಿಯಲ್ಲಿ ಮಲಗುವವರಿಗಾಗಿ ನಡೆಯುವ ಸೇವಾಕಾರ್ಯಗಳಲ್ಲಿಯೂ ಈ ತೊಡಕು ಉಂಟು. ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ, ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದರಂತೆ ತಂಗುದಾಣಗಳಿರತಕ್ಕದ್ದೆಂದು ವಿಧಿಸಿತು. ಇದು ಮಹೋಪಕಾರವಾದ ಆಜ್ಞೆಯೇ ಸರಿ. ಆದರೂ ಇಂತಹ ವಿಧಿಯು ನೆರವೇರಿತೇ ಎಂದು ಪರೀಕ್ಷಿಸಬಂದವನು ಕಟ್ಟಡಗಳನ್ನೂ ಹಾಸಿಗೆಗಳನ್ನೂ ಎಣಿಸಿ ಹಿಂದಿರುಗುವ ಸಂಭವವೇ ಹೆಚ್ಚು. ಹಾಸಿಗೆಯಲ್ಲಿ ಮಲಗಿದ್ದವನ ಬಾಳು ಏನಾಯಿತೆಂದು ತಿಳಿಯಬೇಕಾದರೆ ಬೇರೊಂದು ಬಗೆಯ ತಾಳ್ಮೆ ಬೇಕು. ಅಂತಹ ತಾಳ್ಮೆಯಿಂದ ನಡೆದ ಒಂದು ಪರೀಕ್ಷೆಯ ವೃತ್ತಾಂತವನ್ನು ವಾಚಕರ ಮುಂದಿಡುತ್ತೇವೆ.

ಪಶ್ಚಿಮದ ನಗರಗಳಲ್ಲಿ ಬಹುಕಾಲ ನಡೆದುಬಂದ ಪದ್ಧತಿಯು ಮೆಟ್ಟಿಲುಗಳಂತಿದ್ದಿತು. ಚಿತ್ತವಿಕಾರದಿಂದ ನರಳುತ್ತ ಬೀದಿ ಸೇರಿದವನು ಮೊದಲು ಕುಡಿತವನ್ನು ಬಿಡಬೇಕು. ಔಷಧವನ್ನು ತಪ್ಪದೆ ಸೇವಿಸಬೇಕು. ಆಶ್ರಯಗೃಹದಲ್ಲಿ ಸನ್ನಡತೆಯನ್ನು ತೋರಬೇಕು. ಸ್ವಂತ ಮನೆಯು ಕಟ್ಟಕಡೆಯ ಮೆಟ್ಟಿಲು. ಒಲೆಯೇ ಇಲ್ಲದವಳಿಗೆ ವೈದ್ಯನು ಪಥ್ಯದ ಅಡುಗೆಯನ್ನು ವಿಧಿಸಿದಂತೆ ಇದು ಎಂದು ಗೃಹಿಣಿಯರು ನಗಬಹುದು. ನ್ಯೂಯಾರ್ಕ್ ನಗರದಲ್ಲಿ ಸ್ಯಾಮ್ ಸೆಂಬೆರಿಸ್ ಎಂಬ ಮನಶ್ಶಾಸ್ತ್ರಜ್ಞರು 1992ರಲ್ಲಿ ಈ ಕ್ರಮವನ್ನು ತಲೆಕೆಳಗು ಮಾಡಿದರು. ಮೊದಲು ಮನೆ, ಮಿಕ್ಕುದೆಲ್ಲವೂ ಅನಂತರ, ಅದೂ ಅವರಿಗೆ ಇಷ್ಟವಿದ್ದಲ್ಲಿ.

ಈ ಕ್ರಮವು ನಿಜವಾಗಿಯೂ ಫಲಕಾರಿಯೇ ಎಂಬುದನ್ನು ಅರಿಯಲು ಕೆನಡಾ ದೇಶದ ಸರ್ಕಾರವು 2008ರಲ್ಲಿ 11 ಕೋಟಿ ಡಾಲರುಗಳನ್ನು ಮಂಜೂರು ಮಾಡಿತು. ವ್ಯಾಂಕೂವರ್, ವಿನಿಪೆಗ್, ಟೊರಾಂಟೊ, ಮಾಂಟ್ರಿಯಲ್, ಮಾಂಕ್ಟನ್ ಎಂಬ ಐದು ನಗರಗಳಲ್ಲಿ, ಮನೋರೋಗಕ್ಕೂ ಬೀದಿಯ ಬಾಳಿಗೂ ಒಟ್ಟಿಗೆ ಸಿಕ್ಕಿಕೊಂಡ 2,000ಕ್ಕೂ ಮಿಕ್ಕ ಜನರನ್ನು ಆರಿಸಿದರು. ಬಳಿಕ ಚೀಟಿ ಎತ್ತಿದಂತೆ ಅವರನ್ನು ಎರಡು ಪಾಲು ಮಾಡಿದರು. ಒಂದು ಪಾಲಿನವರಿಗೆ ಬಾಡಿಗೆಮನೆ ದೊರೆಯಿತು. ಅವರು ತಮ್ಮ ವರಮಾನದಲ್ಲಿ ನೂರಕ್ಕೆ 30ನ್ನು ಮೀರದಂತೆ ಬಾಡಿಗೆ ಕೊಟ್ಟು, ವಾರಕ್ಕೊಮ್ಮೆ ಬರುವ ಸೇವಕರೊಡನೆ ಮಾತನಾಡಲು ಒಪ್ಪಿದರೆ ಸಾಕಾಗಿದ್ದಿತು. ಒಂದು ಮನೆ ಕೈತಪ್ಪಿದರೆ ಇನ್ನೊಂದನ್ನು ಹುಡುಕಿಕೊಡುತ್ತಿದ್ದರು. ಮತ್ತೊಂದು ಪಾಲಿನವರಿಗೆ ಆಯಾ ನಗರದಲ್ಲಿ ಮೊದಲೇ ಇದ್ದ ಸಹಾಯ ಮಾತ್ರವೇ ಗತಿಯಾಯಿತು.

ಚೀಟಿಯಿಂದ ಮನುಷ್ಯನ ಹಣೆಬರಹವನ್ನು ನಿಶ್ಚಯಿಸುವುದು ಕ್ರೂರವಲ್ಲವೆ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ಎಲ್ಲರಿಗೂ ಕೊಡುವಷ್ಟು ಮನೆಗಳು ಇಲ್ಲದಿರುವಾಗ, ಅಧಿಕಾರಿಯ ಮೆಚ್ಚುಗೆಗಿಂತ ಚೀಟಿಯೇ ನ್ಯಾಯವೆಂದು ನಮಗೆ ತೋರುತ್ತದೆ. ಇದಲ್ಲದೆ, ನಯವಾಗಿ ನಡೆಯುವವರನ್ನು ಮಾತ್ರ ಆರಿಸಿ ಮನೆ ಕೊಟ್ಟಿದ್ದರೆ, ಬಂದ ಫಲವು ಮನೆಯದೋ ನಡತೆಯದೋ ಹೇಳಬರುತ್ತಿರಲಿಲ್ಲ.

ಎರಡು ವರ್ಷಗಳ ಕಾಲ, ಮೂರು ಮೂರು ತಿಂಗಳಿಗೊಮ್ಮೆ ಇಬ್ಬಗೆಯವರನ್ನೂ ಹುಡುಕಿಕೊಂಡು ಹೋಗಿ ವಿಚಾರಿಸಿದರು. ನೆಲೆಯಿಲ್ಲದವನನ್ನು ಮತ್ತೆ ಮತ್ತೆ ಕಂಡುಹಿಡಿಯುವುದು ಎಷ್ಟು ಪ್ರಯಾಸದ ಕೆಲಸವೆಂಬುದನ್ನು ಊಹಿಸಿಕೊಳ್ಳಬಹುದು. ಕಡೆಯ ಆರು ತಿಂಗಳ ಲೆಕ್ಕವು ಹೀಗೆ ಬಂದಿತು: ಮನೆ ಪಡೆದ ಪಾಲಿನಲ್ಲಿ ನೂರಕ್ಕೆ 62 ಮಂದಿ ಆ ಅವಧಿಯೆಲ್ಲವನ್ನೂ ಮನೆಯಲ್ಲಿಯೇ ಕಳೆದಿದ್ದರು, 22 ಮಂದಿ ಸ್ವಲ್ಪ ಕಾಲ ಮಾತ್ರ, 16 ಮಂದಿಗೆ ಒಂದು ದಿನವೂ ಮನೆಯಿರಲಿಲ್ಲ. ಇನ್ನೊಂದು ಪಾಲಿನಲ್ಲಿ ಪೂರ್ತಿಯಾಗಿ ಮನೆಯಲ್ಲಿದ್ದವರು 31, ಸ್ವಲ್ಪ ಕಾಲ ಇದ್ದವರು 23, ಏನೂ ಇಲ್ಲದವರು 46. ಕುಡುಕನಿಗೆ ಮನೆ ಕೊಟ್ಟರೆ ಎರಡು ದಿನದಲ್ಲಿ ಹಾಳುಮಾಡುವನೆಂಬ ಮಾತಿಗೆ ಈ ಅಂಕಿಗಳೇ ಉತ್ತರ.

ಹಣದ ವಿಚಾರದಲ್ಲಿ ಮಾತ್ರ ಎಚ್ಚರ ಬೇಕು. ಆರಂಭದಲ್ಲಿ ಆಸ್ಪತ್ರೆ, ಸೆರೆಮನೆ, ಆಶ್ರಯಗೃಹಗಳಿಗೆ ಅತಿ ಹೆಚ್ಚು ಖರ್ಚು ತಂದಿದ್ದ ನೂರಕ್ಕೆ ಹತ್ತು ಮಂದಿಯ ಸಂಬಂಧದಲ್ಲಿ, ತೊಡಗಿಸಿದ ಪ್ರತಿ 10 ಡಾಲರಿಗೆ 21.72 ಡಾಲರುಗಳು ಬೇರೆ ಬಾಬುಗಳಲ್ಲಿ ಉಳಿದುವು. ಸೇವೆಯನ್ನು ಹೊಗಳುವವರು ಈ ಒಂದು ಅಂಕಿಯನ್ನೇ ಎತ್ತಿ ಹಿಡಿಯಬಹುದು. ಆದರೆ ತೀವ್ರವಾದ ಅಗತ್ಯವಿದ್ದವರಲ್ಲಿ ಉಳಿತಾಯವು 9.60; ಮಧ್ಯಮ ತರಗತಿಯವರಲ್ಲಿ ಬರಿಯ 3.42. ಅಂದರೆ ಬಹುಮಂದಿಯ ಪಾಲಿಗೆ ಇದು ಲಾಭದ ವ್ಯಾಪಾರವಲ್ಲ. ಖರ್ಚಿನ ಒಂದು ಭಾಗವು ಹಿಂದಿರುಗಿದರೂ ಉಳಿದುದನ್ನು ಸಮಾಜವು ಕೈಯಿಂದಲೇ ಹಾಕಬೇಕು. ಹಾಗೆಂದು ಬಿಚ್ಚಿ ಹೇಳಿದರೆ ದಾನಿಗಳು ಹಿಂಜರಿಯುವರೆಂದು ನಾವು ನಂಬೆವು.

ಇನ್ನೊಂದು ಸಂಗತಿಯನ್ನೂ ಮರೆಸಕೂಡದು. ಮನೋರೋಗದ ಚಿಹ್ನೆಗಳೂ ಮದ್ಯಾದಿಗಳ ತೊಂದರೆಯೂ ಎರಡು ಪಾಲಿನವರಲ್ಲಿಯೂ ಹೆಚ್ಚು ಕಡಮೆ ಒಂದೇ ತೆರನಾಗಿ ಇಳಿದುವು. ಬಾಳಿನ ನೆಮ್ಮದಿಯು ಮನೆ ಪಡೆದವರಲ್ಲಿ ತುಸು ಹೆಚ್ಚಿತು, ಬಹಳವೇನಲ್ಲ. ಮನೆಯು ಮದ್ದಲ್ಲ, ಮನೆಯೇ.

ನಮಗೆ ಹತ್ತಿರದ ಚೆನ್ನೈ ನಗರದಲ್ಲಿ ಇದಕ್ಕೆ ಬಂಧುವಾದ ಕಾರ್ಯವೊಂದು ನಡೆದಿದೆ. ವಂದನಾ ಗೋಪಿಕುಮಾರ್, ವೈಷ್ಣವಿ ಜಯಕುಮಾರ್ ಎಂಬ ಇಬ್ಬರು ತರುಣಿಯರು 1993ರಲ್ಲಿ ‘ದಿ ಬಾನಿಯನ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಬೀದಿಪಾಲಾದ ಮನೋರೋಗಿ ಸ್ತ್ರೀಯರಿಗೆ ಆಶ್ರಯವಿತ್ತರು. ಗುಣಮುಖರಾದ ಹಲವರು ತಮ್ಮ ತಮ್ಮ ಊರು ಸೇರಿದರು. ಆದರೆ ಕರೆದುಕೊಳ್ಳುವವರಿಲ್ಲದೆ ವರ್ಷಗಟ್ಟಲೆ ಆಶ್ರಯದಲ್ಲಿಯೇ ಉಳಿದವರೂ ಇದ್ದರು. ಅಂಥವರಿಗಾಗಿ ‘ಹೋಮ್ ಅಗೇನ್’ ಎಂಬ ಏರ್ಪಾಡು ಹುಟ್ಟಿತು. ಸಾಧಾರಣ ಕೇರಿಯ ಬಾಡಿಗೆಮನೆಯಲ್ಲಿ ನಾಲ್ಕೈದು ಮಂದಿ ಹೆಂಗಸರು ಒಂದು ಸಂಸಾರದಂತೆ ಕೂಡಿ ಬಾಳುತ್ತಾರೆ; ನೆರವಿಗೆ ಸಹಾಯಕಿಯರಿರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯು 2021ರ ತನ್ನ ಮಾರ್ಗದರ್ಶಿಯಲ್ಲಿ ಇದನ್ನು ಅನುಸರಣೀಯವಾದ ಮಾದರಿಗಳ ಸಾಲಿಗೆ ಸೇರಿಸಿತು.

ಇಲ್ಲಿಯೂ ಫಲವನ್ನು ಅಳೆದರು. ಮನೆಗೆ ಹೋದವರನ್ನೂ ಸಂಸ್ಥೆಯ ಆಶ್ರಯದಲ್ಲಿಯೇ ಉಳಿದವರನ್ನೂ ಹೋಲಿಸಿದಾಗ, ಮೊದಲಿನವರು ನೆರೆಹೊರೆಯೊಡನೆ ಹೆಚ್ಚು ಬೆರೆತುದು ಕಂಡುಬಂದಿತು. ಆದರೆ ಚೀಟಿ ಎತ್ತಲಿಲ್ಲ. ಹೋಗುವೆನೋ ಇರುವೆನೋ ಎಂಬುದನ್ನು ಆಯಾ ಹೆಂಗಸೇ ನಿಶ್ಚಯಿಸಿದಳು. ಹೋಗಲು ಮನಸ್ಸು ಮಾಡಿದವಳಲ್ಲಿ ಮೊದಲೇ ಹುರುಪು ಹೆಚ್ಚಿದ್ದಿರಬಹುದು. ಆದುದರಿಂದ ಪರೀಕ್ಷಕನ ದೃಷ್ಟಿಯಲ್ಲಿ ಈ ಸಾಕ್ಷ್ಯವು ಕೆನಡಾದ ಸಾಕ್ಷ್ಯದಷ್ಟು ಗಟ್ಟಿಯಲ್ಲ. ಹಾಗಿದ್ದರೂ, ಬೀದಿಯಲ್ಲಿ ಎಷ್ಟೋ ಕಾಲ ಯಾವುದನ್ನೂ ತಾನಾಗಿ ಆರಿಸಲು ಇಲ್ಲದಿದ್ದವಳಿಗೆ, ಯಾರೊಡನೆ ಯಾವ ಮನೆಯಲ್ಲಿ ಇರಲಿ ಎಂಬ ತೀರ್ಮಾನವನ್ನು ಬಿಟ್ಟುಕೊಟ್ಟುದನ್ನು ನಾವು ದೋಷವೆಂದು ಎಣಿಸಲಾರೆವು.